ಐದು ಊರು ಕೊಟ್ಟುಬಿಟ್ಟ ಕೌರವ

ಸಂಹಿತಾಳ ಬುತ್ತಿಯಲ್ಲಿ ಗುಳ್ಳದ ಪೋಡಿ ಇದ್ದ ದಿನ ಅವಳಿಗೆ ಸಿಗುವುದು ಬರಿಯ ಮೊಸರನ್ನ. ಅವಳ ಅಪ್ಪ ಉಮಾನಾಥ ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವವರು, ಅಮ್ಮ ಕುಶಲಾ ಅದನ್ನು ತೆಳ್ಳಗೆ ಕೊಯ್ದು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವುದರಲ್ಲಿ ನಿಪುಣೆ. ಡಬ್ಬಿ ತೆರೆದರೆ ಸಾಕು, ಸುತ್ತಲಿನ ಕೈಗಳೆಲ್ಲ ಮುಂದೆ ಬರುತ್ತವೆ. ಹುಡುಗಿ ಒಬ್ಬರಿಗೂ ಇಲ್ಲವೆನ್ನುವುದಿಲ್ಲ.

ಇಂಥವಳಿಗೆ ಯಕ್ಷಗಾನ ಕಲಿಸುವ ಯಶ್ವಂತ್ ಮಾಸ್ಟ್ರು ಕೌರವನ ಪಾತ್ರ ಕೊಟ್ಟಿದ್ದಾರೆಂದು ತಿಳಿದಾಗ ನನಗೆ ಕುತೂಹಲ ಹುಟ್ಟಿತು. ಇವಳು ಕೃಷ್ಣನಿಗೆ ಇಲ್ಲವೆಂದು ಹೇಗೆ ಹೇಳುತ್ತಾಳೆ?

ಕಾಪುವಿನ ಈ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನದ ಹಾಗೆ ಯಕ್ಷಗಾನ, ನೃತ್ಯ, ನಾಟಕಗಳೂ ಪಾಠಗಳೇ. ಕಾಲೇಜಿನಿಂದ ನಿವೃತ್ತಳಾದ ಮೇಲೆ ನಾನು ಶನಿವಾರಗಳಂದು ಬನ್ನಂಜೆಯಿಂದ ಬಸ್ಸಿನಲ್ಲಿ ಬಂದು ಮಕ್ಕಳ ಕನ್ನಡ ಕೇಳುತ್ತೇನೆ. ಮನೆಯಲ್ಲಿ ತುಳು ಆಡುವ ಮಕ್ಕಳು ವೇದಿಕೆಯ ಕನ್ನಡವನ್ನು ತುಂಬಿದ ಕೊಡ ಹೊತ್ತವರಂತೆ ಜೋಪಾನವಾಗಿ ಆಡುತ್ತಾರೆ. ಅದನ್ನು ಕೇಳುವುದೇ ನನಗೊಂದು ಸುಖ.

ಈ ಸಲದ ವಾರ್ಷಿಕೋತ್ಸವಕ್ಕೆ ತಾಳಮದ್ದಲೆ ಎಂದು ನಿಶ್ಚಯವಾಗಿತ್ತು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಕುಳಿತವರು ತಮ್ಮದೇ ಮಾತಿನಲ್ಲಿ ಅರ್ಥ ಹೇಳಬೇಕು. ಪದಕ್ಕೆ ಪುಸ್ತಕವಿದೆ, ಮಾತಿಗೆ ಇಲ್ಲ. ಎದುರಿನವರು ಏನು ಕೇಳುತ್ತಾರೋ ಯಾರಿಗೂ ತಿಳಿಯದು. ಕತೆ ಎಲ್ಲಿಗೆ ತಲುಪಬೇಕೆಂದು ಮಾತ್ರ ಎಲ್ಲರಿಗೂ ಗೊತ್ತು. ಕೃಷ್ಣ ಪಾಂಡವರಿಗಾಗಿ ಐದು ಊರು ಕೇಳಬೇಕು, ಕೌರವ ಕೊಡಬಾರದು. ಕೊಟ್ಟರೆ ಯುದ್ಧವೇ ಇಲ್ಲ.

ಅಭ್ಯಾಸದಲ್ಲಿ ಸಂಹಿತಾ ಕೊಟ್ಟಳು.

“ಎಂತ ಮಾರಾಯ್ತಿ!” ಎಂದು ಕೃಷ್ಣನಾಗಿದ್ದ ಪ್ರಣೀತಾ ಹಣೆ ಚಚ್ಚಿಕೊಂಡಳು. “ನೀನು ಕೊಟ್ಟರೆ ನಾನು ಮನೆಗೆ ಹೋಗಬೇಕಷ್ಟೆ. ಐದೂರು ಹಿಡಿದುಕೊಂಡು ಬಸ್ಸಿನಲ್ಲಿ.”

“ಅಲ್ವಾ ಮತ್ತೆ, ನೀನು ಅಷ್ಟು ಚಂದ ಮಾಡಿ ಕೇಳಿದರೆ ನಾನು ಎಂತ ಮಾಡುವುದು?”

ಮಾಸ್ಟ್ರು ನಗಲಿಲ್ಲ. “ನೋಡು ಸಂಹಿತಾ, ನಿನಗೆ ಸ್ವರ ಉಂಟು, ಭಾಷೆ ಉಂಟು. ವಾರ್ಷಿಕೋತ್ಸವದಲ್ಲಿ ಸರಿಯಾದರೆ ಉಡುಪಿಯ ವೇದಿಕೆಗೂ ನೀನೇ ಕೌರವ. ಇಲ್ಲದಿದ್ದರೆ ಪಾತ್ರ ಅಭಿರಾಮನಿಗೆ. ಬೇಸರ ಮಾಡಬಾರದು.”

ವಿದುರನ ಪಾತ್ರದ ಅಭಿರಾಮ್ ತಲೆ ತಗ್ಗಿಸಿದ. ಅವನಿಗೂ ಆ ಪಾತ್ರದ ಮೇಲೆ ಆಸೆಯಿತ್ತು. ಆದರೂ ಮುಂದಿನ ಶನಿವಾರಗಳಂದು ಊಟದ ಹೊತ್ತಿನಲ್ಲಿ ಅವನೇ ಕೃಷ್ಣನಾಗಿ ಅವಳಿಗೆ ಅಭ್ಯಾಸ ಮಾಡಿಸುವುದನ್ನು ಕಂಡೆ.

“ಕಷ್ಟವಾದರೆ ಬಿಟ್ಟುಬಿಡು ಮಗಾ,” ಎಂದೆ ಒಮ್ಮೆ ಸಂಹಿತಾಳಿಗೆ.

“ಇಲ್ಲ ಟೀಚರ್. ನನಗೆ ಕೌರವ ಬೇಕು.”

ಆ ಹುಡುಗಿಯ ಬಾಯಲ್ಲಿ ‘ಬೇಕು’ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ವಾರ್ಷಿಕೋತ್ಸವದ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಕುಶಲಾ ನನ್ನ ಪಕ್ಕದಲ್ಲೇ ಕುಳಿತಿದ್ದರು. ಸಂಹಿತಾಳ ಮೊದಲ ಮಾತುಗಳು ಮೂರನೆಯ ಸಾಲಿನ ಆಚೆಗೆ ಕೇಳಿಸಲಿಲ್ಲ. ಹಳೆಯ ಫ್ಯಾನು ಕಿರುಗುಟ್ಟುತ್ತಿತ್ತು. ಶಾಲೆಯ ವ್ಯಾನಿನ ಡ್ರೈವರ್ ಸ್ಯಾಮ್ಸನ್ ಬಾಗಿಲಿನ ಬಳಿಯಿಂದ ಹೋಗಿ, ಯಾರನ್ನೂ ಕೇಳದೆ ಅದರ ಸ್ವಿಚ್ಚು ಆರಿಸಿದರು. ಎಲ್ಲರೂ ಬೆವರಿದೆವು, ಆದರೆ ಮಾತು ಕೇಳಿಸಿತು. ಅವಳು ಚೆನ್ನಾಗಿ ಗರ್ಜಿಸಿದಳು ಕೂಡ. ಕುಶಲಾ ನನ್ನ ಕೈ ಹಿಡಿದುಕೊಂಡರು.

ಆಮೇಲೆ ಪ್ರಣೀತಾ ಐದು ಊರು ಕೇಳಿದಳು. ಕಾಡಿನಲ್ಲಿ ಬೆಳೆದ ಗಡ್ಡ, ಬೇರೆಯವರ ಮನೆಯಲ್ಲಿ ಅಡುಗೆ ಮಾಡಿದ ಭೀಮ, ತಲೆ ಮೇಲೊಂದು ಸೂರಿಲ್ಲದ ದ್ರೌಪದಿ. ಹುಡುಗಿ ಹೇಳುತ್ತ ಹೇಳುತ್ತ ತಾನೇ ಕರಗಿದಳು. ನಾನು ಸಂಹಿತಾಳ ಮುಖ ನೋಡಿದೆ. ಅವಳ ಕಣ್ಣು ತುಂಬಿತ್ತು.

“ಐದೇ ಊರಲ್ಲವೇ ಕೃಷ್ಣಾ?” ಎಂದಳು. “ಆಗಲಿ. ಕೊಟ್ಟಿದ್ದೇನೆ.”

ಭಾಗವತರಾಗಿದ್ದ ಮಾಸ್ಟ್ರ ಕೈಯ ತಾಳ ಗಾಳಿಯಲ್ಲೇ ನಿಂತಿತು. ಗಾಬರಿಗೊಂಡ ಅಭಿರಾಮ್ ತಟ್ಟನೆ ಕೈಯೆತ್ತಿದ. “ಮಹಾರಾಜಾ, ದುಡುಕಬೇಡ!”

ಜೀವಮಾನವಿಡೀ ಸಂಧಿಗಾಗಿ ಹಂಬಲಿಸಿದ ವಿದುರನೇ ಹೀಗೆಂದರೆ ಯಾರು ತಾನೆ ನಗುವುದಿಲ್ಲ? ಸಭೆ ಗೊಳ್ಳೆಂದಿತು. ಕುಶಲಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಂಹಿತಾ ತಾನು ಏನು ಮಾಡಿದೆನೆಂದು ಆಗ ಅರಿತು ಬಿಳಿಚಿಕೊಂಡಳು.

ಪ್ರಣೀತಾ ನಗಲಿಲ್ಲ. ಅವಳು ಗೆಳತಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿದಳು. ನಗು ಅಡಗುವವರೆಗೆ ಕಾದು, ಕೃಷ್ಣನ ಸ್ವರದಲ್ಲೇ ಮಾತು ಮುಂದುವರಿಸಿದಳು.

“ಸಂತೋಷ, ಸುಯೋಧನಾ. ಆದರೆ ಇಂದು ಕೊಟ್ಟದ್ದನ್ನು ನಾಳೆ ನೀನು ಕಿತ್ತುಕೊಳ್ಳುವುದಿಲ್ಲ ಎಂದು ಧರ್ಮಜ ನಂಬುವುದು ಹೇಗೆ? ಒಂದು ಒತ್ತೆ ಬೇಕು. ನಿನ್ನ ಕರ್ಣನನ್ನು ನನ್ನ ಜೊತೆ ಕಳುಹಿಸು. ಇನ್ನು ಮೇಲೆ ಅವನು ನಿನ್ನ ಪಕ್ಕದಲ್ಲಿ ಕುಳಿತುಕೊಳ್ಳಬಾರದು.”

“ಕರ್ಣನನ್ನೇ?”

“ಹೌದು. ಐದು ಊರು ಕೊಟ್ಟವನಿಗೆ ಒಬ್ಬ ಸೂತಪುತ್ರ ಭಾರವೇ?”

ಸಂಹಿತಾ ನೆಟ್ಟಗೆ ಕುಳಿತಳು. ಮುಂದಿನ ಮಾತಿಗೆ ಫ್ಯಾನು ತಿರುಗುತ್ತಿದ್ದರೂ ಅಡ್ಡಿಯಾಗುತ್ತಿರಲಿಲ್ಲ.

“ಕೃಷ್ಣಾ, ಊರು ನನ್ನದು, ಕೊಟ್ಟೆ. ಕರ್ಣ ನನ್ನ ಸೊತ್ತಲ್ಲ, ಸ್ನೇಹಿತ. ತುಂಬಿದ ಸಭೆ ಅವನ ಕುಲ ಕೇಳಿ ನಕ್ಕ ದಿನ ನಾನು ಅವನ ಕೈ ಹಿಡಿದಿದ್ದೇನೆ. ಈಗ ಅದೇ ಕೈಯನ್ನು ಒತ್ತೆ ಇಡಲೇ? ಸ್ನೇಹಿತನನ್ನು ಬಿಟ್ಟರೆ ಮಾತ್ರ ಸಿಗುವ ಸಂಧಿ ನನಗೆ ಬೇಡ. ಐದು ಊರೂ ಇಲ್ಲ, ಸೂಜಿಮೊನೆ ಊರುವಷ್ಟು ನೆಲವೂ ಇಲ್ಲ. ಇಲ್ಲ ಎಂದರೆ ಇಲ್ಲ. ಏಳು, ಹೊರಡು!”

ಮಾಸ್ಟ್ರು ಮುಂದಿನ ಪದವನ್ನು ಎಷ್ಟು ಜೋರಾಗಿ ಎತ್ತಿಕೊಂಡರೆಂದರೆ ಚಪ್ಪಾಳೆಯೂ ಅದರಲ್ಲಿ ಮುಳುಗಿತು. ಕತೆ ಮತ್ತೆ ತನ್ನ ದಾರಿಗೆ ಬಂದಿತ್ತು.

ಮುಗಿದ ಮೇಲೆ ನಾನು ಮಕ್ಕಳ ಕೋಣೆಗೆ ಹೋದೆ. ಕುಶಲಾ ಎಲ್ಲರಿಗೂ ಪೋಡಿ ತಂದಿದ್ದರು. ನನಗೆ ತಿಳಿಯಬೇಕಾದದ್ದು ಒಂದೇ.

“ಪ್ರಣೀತಾ, ಕರ್ಣನನ್ನು ಕೇಳಬೇಕು ಅಂತ ಹೇಗೆ ಹೊಳೆಯಿತು?”

“ಅವಳು ಯಾವುದನ್ನು ಕೊಡುವುದಿಲ್ಲ ಅಂತ ಯೋಚನೆ ಮಾಡಿದೆ ಟೀಚರ್. ಪೆನ್ನು ಕೊಡ್ತಾಳೆ, ಕೊಡೆ ಕೊಡ್ತಾಳೆ.” ಅವಳು ಬೆರಳಿಗೆ ಹತ್ತಿದ ಎಣ್ಣೆ ಒರೆಸಿಕೊಂಡಳು. “ಎಂಟನೇ ಕ್ಲಾಸಿಗೆ ನಾನು ಕಾರ್ಕಳದಿಂದ ಹೊಸದಾಗಿ ಬಂದಾಗ ಯಾರೂ ನನ್ನ ಹತ್ತಿರ ಮಾತಾಡ್ತಾ ಇರ್ಲಿಲ್ಲ. ಇವಳನ್ನು ಎಲ್ಲರೂ ಅವರವರ ಬೆಂಚಿಗೆ ಕರೆದರು. ಇವಳು ನನ್ನ ಪಕ್ಕದಿಂದ ಏಳಲಿಲ್ಲ.”

“ಎಂತದೆಲ್ಲ ಹೇಳ್ತೀ ಮಾರಾಯ್ತಿ, ನನಗೆ ನೆನಪೇ ಇಲ್ಲ,” ಎಂದಳು ಸಂಹಿತಾ.

ಯಶ್ವಂತ್ ಮಾಸ್ಟ್ರು ಬೆವರು ಒರೆಸುತ್ತ ಬಂದರು. “ಉಡುಪಿಗೆ ಇದೇ ಕೌರವ. ಆದರೆ ಅಲ್ಲಿಯೂ ಹೀಗೆ ಕೊಟ್ಟು ಹಿಂದೆ ತೆಗೆದುಕೊಳ್ತೀಯಾ, ಅಥವಾ ಮೊದಲೇ ಇಲ್ಲ ಅಂತೀಯಾ?”

“ಗೊತ್ತಿಲ್ಲ ಸರ್. ಇವಳು ಎಂತ ಕೇಳ್ತಾಳೆ ನೋಡ್ಬೇಕು.”

ಡಬ್ಬಿಯಲ್ಲಿ ಒಂದೇ ಪೋಡಿ ಉಳಿದಿತ್ತು. ಅಭಿರಾಮ್ ಕೈ ಚಾಚಿದ. ಸಂಹಿತಾ ಅಭ್ಯಾಸದಂತೆ ಡಬ್ಬಿಯನ್ನು ಅವನತ್ತ ಸರಿಸುವಷ್ಟರಲ್ಲಿ ಪ್ರಣೀತಾ ಅದನ್ನು ಹಿಡಿದು ನಿಲ್ಲಿಸಿದಳು.

“ವಿದುರಾ,” ಎಂದಳು, “ದುಡುಕಬೇಡ.”

ಪೋಡಿ ಆ ದಿನ ಸಂಹಿತಾಳ ಬಾಯಿಗೆ ಹೋಯಿತು.