ಕುರ್ಚಿ ಹತ್ತಿ ಮಾತಾಡುವ ಮ್ಫಾಂಡೆಯವರು

ಲೈಫರ್ಡ್ ಮ್ಫಾಂಡೆಯವರಿಗೆ ಬರುತ್ತಿದ್ದ ಫೋನ್ ಕರೆಗಳಲ್ಲಿ ಎರಡು ಜಾತಿ. ಒಂದು, ಅವರು ಕುಳಿತಲ್ಲೇ ಕಾಲು ಚಾಚಿ, ಕಣ್ಣು ಅರೆಮುಚ್ಚಿ, ಹೂಂ ಹೂಂ ಎನ್ನುತ್ತ ಮುಗಿಸುತ್ತಿದ್ದವು. ಮಂತ್ರಿಗಳ ಕರೆಯೂ ಈ ಜಾತಿಗೇ ಸೇರಿದ್ದು. ಇನ್ನೊಂದು ಜಾತಿಯ ಕರೆ ಬಂತೆಂದರೆ ಆ ಸ್ಥೂಲಕಾಯ ಧಡಕ್ಕನೆ ಎದ್ದು, ಅತ್ತಿತ್ತ ನೋಡಿ, ಕುರ್ಚಿಯಿದ್ದರೆ ಕುರ್ಚಿ, ಮೆಟ್ಟಿಲಿದ್ದರೆ ಮೆಟ್ಟಿಲು, ಅಂತೂ ನೆಲಕ್ಕಿಂತ ಎತ್ತರವಾದ ಯಾವುದನ್ನಾದರೂ ಹತ್ತಿ ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಆಮೇಲೆ "ಅಕ್ಕಾ" ಎಂದು ಬಾಯಿ ತೆರೆಯುತ್ತಿತ್ತು. ಮಲಾವಿಯ ರಾಜಧಾನಿ ಲಿಲೊಂಗ್ವೆಯಲ್ಲಿದ್ದ ನಮ್ಮ ದೂರಸಂಪರ್ಕ ಕಚೇರಿಯ ಛಾವಣಿಯ ಮೇಲೇ ಟವರಿತ್ತು. ಮೂಲೆಯಲ್ಲಿ ಮುಸುಕು ಹೊದ್ದು ಮಲಗಿದರೂ ಸಿಗ್ನಲ್ಲು ಹುಡುಕಿಕೊಂಡು ಬರುವಂಥ ಜಾಗ ಅದು. ಅಲ್ಲಿ ಕುರ್ಚಿ ಹತ್ತುವುದೆಂದರೇನು? ಅದೂ ದೇಶದ ಪರವಾಗಿ ಅಂತರರಾಷ್ಟ್ರೀಯ ಮಾನದಂಡಗಳ ಸಭೆಗಳಲ್ಲಿ ಕೂರುವ ಮನುಷ್ಯ! ನಮಗಾರಿಗೂ ತಲೆಬುಡ ತಿಳಿಯುತ್ತಿರಲಿಲ್ಲ.

ಹೊಸದಾಗಿ ಸೇರಿದ ಎಂಜಿನಿಯರೊಬ್ಬಳು ತಡೆಯಲಾರದೆ ಒಮ್ಮೆ, ದೊಡ್ಡವರನ್ನು ನಾವೆಲ್ಲ ಕರೆಯುವಂತೆ ಬಾಂಬೊ ಎಂದು ಕರೆದು, ಹೇಳಿಯೇಬಿಟ್ಟಳು. "ಬಾಂಬೊ, ಒಂದು ಕುರ್ಚಿ ಎತ್ತರಕ್ಕೆಲ್ಲ ಸಿಗ್ನಲ್ ಜಾಸ್ತಿ ಆಗಲ್ಲ. ಬಿದ್ದು ಸೊಂಟ ಮುರ್ಕೊಂಡೀರಿ ಅಷ್ಟೆ."

"ಇರ್ಬಹುದು," ಎಂದರು ಮ್ಫಾಂಡೆ, ಬಹಳ ಹೊತ್ತು ಯೋಚಿಸಿ. "ಇಲ್ದೇನೂ ಇರ್ಬಹುದು."

ಇದು ಅವರ ಸಾರ್ವಕಾಲಿಕ ಉತ್ತರ. ಮಳೆ ಬರುತ್ತದೆಯೇ ಎಂದರೂ ಇದೇ, ನಾಳೆ ರಜೆಯೇ ಎಂದರೂ ಇದೇ. ಕ್ಯಾಂಟೀನಿನ ಹೆಂಗಸು ಮೀನು ಬೇಕೋ ಕೋಳಿ ಬೇಕೋ ಎಂದು ಕೇಳಿ ಕೇಳಿ ಸೋತು, "ಹಾಗಾದ್ರೆ ಇವತ್ತು ಊಟಾನೂ ಇರ್ಬಹುದು, ಇಲ್ದೇನೂ ಇರ್ಬಹುದು ಬಾಂಬೊ!" ಎಂದು ಸೌಟು ಬಡಿಯುತ್ತಿದ್ದಳು. ಅವರು ಅದಕ್ಕೂ ತಲೆಯಾಡಿಸುತ್ತಿದ್ದರು.

ಅವರ ಕೋಟು ಇನ್ನೊಂದು ಒಗಟು. ಬಹಳ ಹಿಂದೆ ಯಾವುದೋ ಶೀತದೇಶದ ಸಭೆಗೆ ಹೋದಾಗ ನಡುಗಿ ಕೊಂಡದ್ದಂತೆ. ಕಂಬಳಿಯಷ್ಟು ದಪ್ಪನೆಯ ಆ ಕಂದು ಉಣ್ಣೆಯ ಕೋಟನ್ನು ಅವರು ನಮ್ಮ ಕಡುಬೇಸಿಗೆಯಾದ ಅಕ್ಟೋಬರಿನ ಉರಿಧಗೆಯಲ್ಲಿಯೂ ಸಭಾಮರ್ಯಾದೆಯೆಂದು ಧರಿಸಿ, ಕೊರಳಿನಿಂದ ಧಾರಾಕಾರ ಇಳಿಯುವ ಬೆವರನ್ನು ಲಕ್ಷಿಸದೆ ಗಂಭೀರವಾಗಿ ಸಾಗುತ್ತಿದ್ದರು. ಸಾಗುವುದೆಂದರೂ ನಮ್ಮ ನಿಮ್ಮ ಹಾಗಲ್ಲ. ಉತ್ತರದ ಕಡೆ, ಬೆಟ್ಟವು ನೇರವಾಗಿ ಸರೋವರಕ್ಕೆ ಇಳಿಯುವಲ್ಲಿ, ರಸ್ತೆಯೆಂಬುದೇ ಇಲ್ಲದ ಇಕುಂಬಿಯೆಂಬ ಹಳ್ಳಿಯಲ್ಲಿ ಹುಟ್ಟಿ, ನಡೆಯಲು ಕಲಿಯುವ ಮೊದಲೇ ದೋಣಿಯಲ್ಲಿ ಕೂತವರು. ಕಾಲುಗಳನ್ನು ಅಗಲಿಸಿ, ನೆಲ ಯಾವ ಗಳಿಗೆಯಲ್ಲಾದರೂ ಓಲಾಡೀತೆಂಬ ಅನುಮಾನದಲ್ಲಿ ಹೆಜ್ಜೆಯೂರುತ್ತಿದ್ದರು. ಅಭಿಪ್ರಾಯ ಕೊಡುವಾಗಲೂ ಅದೇ ನಡಿಗೆ.

ಅವರ ಕೆಲಸವನ್ನು ವಿವರಿಸಿದರೆ ಅದು ಕೆಲಸವೆಂದು ಯಾರೂ ನಂಬಲಿಕ್ಕಿಲ್ಲ. ನಮ್ಮ ಸುತ್ತಣ ದೇಶಗಳೆಲ್ಲ ಒಂದು ಕೋಣೆಯಲ್ಲಿ ಕುಳಿತು, ಒಬ್ಬರ ಟವರಿನ ಮಾತು ಇನ್ನೊಬ್ಬರ ಟವರಿಗೆ ತಿಳಿಯುವಂತೆ, ಎಲ್ಲೆಡೆಯೂ ಒಂದೇ ಬಗೆಯ ಅಗ್ಗದ ಯಂತ್ರ ನಡೆಯುವಂತೆ, ಒಂದೊಂದು ವಾಕ್ಯವನ್ನೂ ತಿಂಗಳುಗಟ್ಟಲೆ ತಿದ್ದಿ ತೀಡಿ ಒಮ್ಮತಕ್ಕೆ ಬರುವುದು. ಅಲ್ಲಿ ಮತಕ್ಕೆ ಹಾಕುವ ಪದ್ಧತಿಯಿಲ್ಲ. ಅಧ್ಯಕ್ಷರು "ಆಕ್ಷೇಪಣೆ ಕಾಣುತ್ತಿಲ್ಲ" ಎಂದು ಮರದ ಸುತ್ತಿಗೆಯನ್ನು ಮೇಜಿಗೆ ಬಡಿದರೆ ಆಯಿತು, ಬರೆದದ್ದು ಶಿಲಾಶಾಸನ. ಅದಕ್ಕೆ ಮೊದಲು ಒಂದೇ ಒಂದು ದೇಶ ಬೇಡವೆಂದರೂ ಇಡೀ ಕರಡು ಮಲಗಿದಂತೆ. ಮಾತನಾಡಬೇಕಾದವರು ಕೂಗುವಂತಿಲ್ಲ, ಕೈಯೆತ್ತುವಂತಿಲ್ಲ. ತಮ್ಮ ಮುಂದೆ ಅಡ್ಡಲಾಗಿ ಇಟ್ಟಿರುವ ದೇಶದ ನಾಮಫಲಕವನ್ನು ತೆಗೆದು ಉದ್ದಕ್ಕೆ ನಿಲ್ಲಿಸಬೇಕು. ಅಧ್ಯಕ್ಷರು ಅದನ್ನು ಕಂಡು ಕರೆದರೆ ಮಾತ್ರ ಮೈಕಿಗೆ ಜೀವ ಬರುತ್ತದೆ.

ಈ ಫಲಕದ ವಿಷಯದಲ್ಲೇ ಮ್ಫಾಂಡೆಯವರು ದೇಶದೇಶಗಳಲ್ಲಿ ಖ್ಯಾತರಾದದ್ದು. ಸಭೆಯಲ್ಲಿ ಫೋನಿನ ಬಾಯಿ ಮುಚ್ಚಿರಬೇಕಷ್ಟೆ; ಅಕ್ಕನ ಕರೆ ಬಂದರೆ ಬೆಳಕಾದರೂ ಕಾಣಲೆಂದು ಅವರು ಫೋನನ್ನು ಒರಗಿಸಿಡಲು ಆಸರೆ ಹುಡುಕುವರು, ಕೈಗೆ ಸಿಕ್ಕಿದ್ದು ನಾಮಫಲಕ, ಅದನ್ನೇ ಎಬ್ಬಿಸಿ ನಿಲ್ಲಿಸಿಬಿಡುವರು. "ಮಲಾವಿ, ಹೇಳಿ" ಎನ್ನುವರು ಅಧ್ಯಕ್ಷರು. ಮ್ಫಾಂಡೆ ಬೆಚ್ಚಿಬಿದ್ದು, "ನಾನೇ? ಏನಿಲ್ಲ, ಏನಿಲ್ಲ, ಇದು ಫೋನು" ಎಂದು ತಡವರಿಸುವರು. ಸಭೆ ಗೊಳ್ಳೆನ್ನುವುದು. ಹೇಳಿದರೂ ಬಿಡುವ ಚಾಳಿಯಲ್ಲ ಅದು. ಕಡೆಕಡೆಗೆ ಅಧ್ಯಕ್ಷೆಯಾಗಿ ಬಂದ ಬೋಟ್ಸ್ವಾನದ ಶ್ರೀಮತಿ ಮೊಲೆಫಿಯವರು, ಹೆಂಗರುಳಿನ ಹೆಂಗಸು, ನಿಂತ ಮಲಾವಿಯನ್ನು ಕಂಡು ಮುಗುಳ್ನಕ್ಕು ಮುಂದೆ ಸಾಗುವುದನ್ನು ರೂಢಿಮಾಡಿಕೊಂಡರು. ಅಂಗೋಲ ಎದ್ದು ನಿಂತರೆ ಅಂಗೋಲಕ್ಕೆ ಮಾತನಾಡಬೇಕಾಗಿದೆ. ಮಲಾವಿ ಎದ್ದು ನಿಂತರೆ ಮ್ಫಾಂಡೆಯವರ ಅಕ್ಕನ ಫೋನು ಬರಬೇಕಾಗಿದೆ. ಇದು ಎಲ್ಲರಿಗೂ ತಿಳಿದ ವಿಷಯವಾಗಿತ್ತು.

ಅಕ್ಕ ತವೊಂಗ ಇಕುಂಬಿಯ ಸೂಲಗಿತ್ತಿ. ಆಕೆಯ ಕಂಠ ಎಂಥದೆಂದರೆ ಫೋನು ಮ್ಫಾಂಡೆಯವರ ಕಿವಿಯಲ್ಲಿದ್ದರೂ ಮಾತು ಇಡೀ ಕಚೇರಿಗೆ ಕೇಳುತ್ತಿತ್ತು.

"ಏನೋ ತಮ್ಮ, ಟವರು ಯಾವಾಗ್ಲೋ? ನನ್ನ ಮೊಣಕಾಲು ಹೋಯ್ತು. ಹೆರೋಳನ್ನ ಅಲ್ಲೇ ಬಿಟ್ಟು ನಾನು ಆಡಿನ ಹಾಗೆ ಈ ಬಂಡೆ ಹತ್ಬೇಕಲ್ಲೋ, ಆಸ್ಪತ್ರೆಗೆ ದೋಣಿ ಬೇಕು ಅಂತ ಫೋನ್ ಮಾಡಕ್ಕೆ. ಮಳೆ ಬಂದ್ರೆ ಜಾರ್ತದೆ."

"ಬರ್ತದೆ ಅಕ್ಕ."

ಅವರ ಬಾಯಿಂದ 'ಇರಬಹುದು' ಇಲ್ಲದೆ ಹೊರಡುತ್ತಿದ್ದ ಮಾತು ಇದೊಂದೇ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ವರ್ಷದ ಸಭೆ ನಮ್ಮ ಲಿಲೊಂಗ್ವೆಯಲ್ಲೇ ಕೂಡಿತು. ಕರಡನ್ನು ಬಹುಮಟ್ಟಿಗೆ ಹೆತ್ತು ಸಾಕಿದವರು ಮ್ಫಾಂಡೆಯವರೇ. ದೇಶಗಳೆಲ್ಲ ಸೇರಿ ಕೂಡಿಸುವ ನಿಧಿಯಿಂದ, ಸಂಪರ್ಕವಿಲ್ಲದ ಹಳ್ಳಿಹಳ್ಳಿಗೂ ಟವರು ನಿಲ್ಲಿಸಿ ಅಂತರಜಾಲವನ್ನು ಮುಟ್ಟಿಸುವ ಮಹತ್ತಾದ ಯೋಜನೆ ಅದು. ಕೊನೆಯ ಗಳಿಗೆಯಲ್ಲಿ ಯಾರೋ ಒಂದು ವಾಕ್ಯ ಸೇರಿಸಿದರು: ಹಳ್ಳಿಯ ಯಾವುದಾದರೊಂದು ಜಾಗದಲ್ಲಿ ಸಿಗ್ನಲ್ಲು ಸಿಕ್ಕುವುದಾದರೆ ಆ ಹಳ್ಳಿಯನ್ನು ಸಂಪರ್ಕ ಪಡೆದದ್ದೆಂದು ಎಣಿಸತಕ್ಕದ್ದು. ಇಕುಂಬಿಯಲ್ಲಿ ಅಂಥ ಜಾಗ ಒಂದಿತ್ತು. ಬಂಡೆಯ ನೆತ್ತಿ. ಈ ವಾಕ್ಯ ಒಪ್ಪಿಗೆಯಾದರೆ ತವೊಂಗಳ ಹಳ್ಳಿಗೆ ಟವರು ಬರುವ ಮಾತೇ ಇಲ್ಲ. ಕಾಗದದ ಮೇಲೆ ಅದು ಆಗಲೇ ಬಂದಾಗಿರುತ್ತದೆ.

ಮಧ್ಯಾಹ್ನದ ಊಟಕ್ಕೆ ನಮ್ಮ ನಿರ್ದೇಶಕ ಕಲುವಾ ಅವರು ಮ್ಫಾಂಡೆಯವರ ಪಕ್ಕದಲ್ಲೇ ಬಂದು ಕೂತರು. ಎದುರಿಗೆ ನಾನು.

"ನೋಡಿ ಮ್ಫಾಂಡೆ, ನಾವು ಕರೆದಿರೋ ಸಭೆ. ಮಧ್ಯಾಹ್ನ ಸುತ್ತಿಗೆ ಬೀಳೋವರ್ಗೂ ತುಟಿ ಪಿಟಕ್ ಅನ್ನಬೇಡಿ."

"ಆ ಒಂದು ವಾಕ್ಯ, ಬಾಂಬೊ…"

"ಒಂದು ವಾಕ್ಯಕ್ಕೋಸ್ಕರ ಎಲ್ಲಾನೂ ಕೆಡಿಸ್ತೀರಾ? ಈಗ ಮಲಗಿದ್ರೆ ಈ ಕರಡು ಮತ್ತೆ ಏಳೋದು ಯಾವ ಕಾಲಕ್ಕೆ? ಒಂದು ಬಂಡೇನೂ ಇಲ್ಲದ ಹಳ್ಳಿಗಳು ಎಷ್ಟಿವೆ ಅಂತ ನಿಮಗೆ ನಾನು ಹೇಳ್ಬೇಕಾ? ನಿಮ್ಮಕ್ಕನಿಗೆ ಬಂಡೆಯಾದ್ರೂ ಇದೆಯಪ್ಪ!"

ಕಲುವಾ ಕೆಟ್ಟ ಮನುಷ್ಯನಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅದೇ ಕಷ್ಟ. ಮ್ಫಾಂಡೆಯವರು ಮರಗೆಣಸಿನ ಮುದ್ದೆಯ ತುತ್ತೊಂದನ್ನು ಮುರಿದು ಉಂಡೆ ಮಾಡತೊಡಗಿದವರು, ಮಾಡುತ್ತಲೇ ಇದ್ದರು. ಅದು ಸಾರಿಗೂ ಇಳಿಯಲಿಲ್ಲ, ಬಾಯಿಗೂ ಹೋಗಲಿಲ್ಲ.

ಮಧ್ಯಾಹ್ನದ ಅಧಿವೇಶನದಲ್ಲಿ ನಾನು ಅವರ ಬೆನ್ನ ಹಿಂದಿನ ಸಾಲಿನಲ್ಲಿದ್ದೆ. ಆ ಕಂದು ಕೋಟು ಏರಿಳಿಯುವುದನ್ನು ನೋಡಿ ಮನುಷ್ಯ ಉಸಿರಾಡುತ್ತಿದ್ದಾನೋ ನಿಟ್ಟುಸಿರಿಡುತ್ತಿದ್ದಾನೋ ಎಂದು ತಿಳಿಯದಾದೆ. ಶ್ರೀಮತಿ ಮೊಲೆಫಿಯವರು ಒಂದೊಂದೇ ಪರಿಚ್ಛೇದವನ್ನು ಓದಿ ಸುತ್ತಲೂ ಕಣ್ಣಾಡಿಸಿ ಮುಂದುವರಿಯುತ್ತ, ಕೊನೆಗೆ ಆ ವಾಕ್ಯಕ್ಕೆ ಬಂದರು. ಮ್ಫಾಂಡೆಯವರ ಬಲಗೈ ಮೆಲ್ಲನೆ ಮುಂದೆ ಸರಿದು ಫಲಕವನ್ನು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಹಿಡಿದು ನಿಲ್ಲಿಸಿತು. ಮಲಾವಿ ಎದ್ದು ನಿಂತಿತ್ತು. ಅದಕ್ಕೆ ಫೋನು ಒರಗಿರಲಿಲ್ಲ. ಫೋನು ಮೇಜಿನ ಕೆಳಗೆ ಅವರ ಎಡಗೈಯಲ್ಲಿತ್ತು. ಕಲುವಾ ಅವರು ಫಲಕದತ್ತ ತಿರುಗಿದರು. ಶ್ರೀಮತಿ ಮೊಲೆಫಿಯವರ ದೃಷ್ಟಿ ಬಲದಿಂದ ಎಡಕ್ಕೆ ಹರಿಯುತ್ತ ಬಂದು ನಮ್ಮ ಫಲಕದ ಮೇಲೆ ನಿಂತಿತು. ಅವರು ಎಂದಿನಂತೆ, ಬಹಳ ವಾತ್ಸಲ್ಯದಿಂದ, ಮುಗುಳ್ನಕ್ಕರು. ದೃಷ್ಟಿ ಮುಂದೆ ಹರಿಯಿತು.

"ಆಕ್ಷೇಪಣೆ ಕಾಣುತ್ತಿಲ್ಲ," ಎಂದರು. ಸುತ್ತಿಗೆ ಬಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಫಾಂಡೆಯವರು ತಮ್ಮ ಫಲಕವನ್ನು, ಅದನ್ನು ಬೇರೆ ಯಾರೋ ನಿಲ್ಲಿಸಿ ಹೋದಂತೆ, ಪಿಳಿಪಿಳಿ ನೋಡುತ್ತಿದ್ದರು. ಅವರು ಕೂಗಬಹುದಿತ್ತಲ್ಲ! ಪದ್ಧತಿಯನ್ನು ಗಾಳಿಗೆ ತೂರಿ, ನಿಲ್ಲಿಸಿ ತಾಯಿ, ಇವತ್ತು ಇದು ಫೋನಲ್ಲ ಎನ್ನಬಹುದಿತ್ತಲ್ಲ! ಬಾಯಿ ತೆರೆದರೋ ಇಲ್ಲವೋ ಹಿಂದೆ ಕೂತ ನನಗೆ ಕಾಣಲಿಲ್ಲ.

ಚಹಾದ ಹೊತ್ತಿಗೆ ಶ್ರೀಮತಿ ಮೊಲೆಫಿಯವರೇ ಹುಡುಕಿಕೊಂಡು ಬಂದರು. "ನಿಮ್ಮ ಕರಡು ದಡ ಸೇರ್ತು ನೋಡಿ! ಅಕ್ಕ ಹೇಗಿದಾರೆ? ಇವತ್ತೂ ಅವರ ಫೋನಿಗೆ ಕಾಯ್ತಾ ಇದ್ರಲ್ಲ ನೀವು?"

"ಚೆನ್ನಾಗಿದಾಳೆ ತಾಯಿ," ಎಂದರು ಇವರು.

ಆಕೆ ಹೋದ ಮೇಲೆ ಕಲುವಾ ಬಗ್ಗಿ ಕಿವಿಯಲ್ಲಿ ಕೇಳಿದರು. "ಅದು ಫೋನಿಗೆ ತಾನೆ ನಿಲ್ಲಿಸಿದ್ದು?"

"ಫೋನಿಗೇ, ಬಾಂಬೊ."

ಅಷ್ಟರಲ್ಲಿ ಫೋನು ನಿಜಕ್ಕೂ ಗುಂಯ್‌ಗುಟ್ಟಿತು. ಮ್ಫಾಂಡೆಯವರು ಅಂಗಳಕ್ಕೆ ಓಡಿ, ಹೂಗಿಡಗಳ ಕಟ್ಟೆ ಹತ್ತಿ, ಕೋಟಿನ ಗುಂಡಿ ಹಾಕಿಕೊಂಡರು. "ಅಕ್ಕಾ."

"ಏನಾಯ್ತೋ ನಿನ್ನ ಸಭೆ?"

"ಬಂದಿದೆ ಅಂತ ತೀರ್ಮಾನ ಆಯ್ತು ಅಕ್ಕ."

"ಏನು ಬಂದಿದೆ? ಎಲ್ಲಿಗೆ?"

"ನೆಟ್‌ವರ್ಕು. ಇಕುಂಬಿಗೆ."

ತವೊಂಗ ನಕ್ಕದ್ದು ಅಂಗಳಕ್ಕೆಲ್ಲ ಕೇಳಿಸಿತು. "ಬಂದಿದ್ರೆ ನಾನ್ಯಾಕೋ ಈ ಬಂಡೆ ಮೇಲೆ ನಿಂತಿರ್ಲಿ, ಹುಚ್ಚಪ್ಪ?"

"ಬೋರ್ಡು ನಿಲ್ಲಿಸಿದ್ದೆ ಅಕ್ಕ," ಎಂದರು ಮ್ಫಾಂಡೆ. "ಅವರು ನೋಡ್ಲಿಲ್ಲ."

ಕಟ್ಟೆ ಇಳಿಯಲು ನಾನು ಕೈ ಕೊಟ್ಟೆ. ನಿರ್ದೇಶಕರಿಗೊಂದು ಮಾತು, ಅಕ್ಕನಿಗೊಂದು ಮಾತು, ನನಗೆ ತಲೆಕೆಟ್ಟಿತ್ತು. "ನಿಜ ಹೇಳಿ. ಅದು ಆಕ್ಷೇಪಣೆನಾ, ಫೋನಾ?"

"ನಿಲ್ಲಿಸುವಾಗ ಆಕ್ಷೇಪಣೇನೇ ಕಣಪ್ಪ," ಎಂದರು. "ನಿಲ್ಲಿಸಿದ್ಮೇಲೆ ಬಂಡೇನೂ ಇಲ್ಲದ ಹಳ್ಳಿಗಳೆಲ್ಲ ಕಣ್ಮುಂದೆ ಬಂದ್ವು. ಆಯಮ್ಮ ನೋಡ್ದೆ ಹೋದ್ರೆ ಸಾಕು ಅಂತಾನೂ ಅನ್ನಿಸ್ತು. ನೋಡ್ಲಿ ಅಂತಾನೂ ಅನ್ನಿಸ್ತು. ಏನು ಅಂತ ಹೇಳ್ಲಿ ನಿನಗೆ? ನನಗೇ ಗೊತ್ತಿಲ್ಲ."

ವರ್ಷಗಳಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿಬಿಟ್ಟೆ. ಇಲ್ಲಿ ನೆಲದ ಮೇಲೇ ಬೇಕಾದಷ್ಟು ಸಿಗ್ನಲ್ಲಿದೆಯಲ್ಲ, ಈ ಕಟ್ಟೆ, ಈ ಕುರ್ಚಿ ಹತ್ತುವುದೆಲ್ಲ ಯಾಕೆ?

ಅವರು ನನ್ನ ಮುಖವನ್ನು ದಿಟ್ಟಿಸಿದರು. ಅಂಗಿ ಯಾಕೆ ತೊಡುತ್ತೀರಿ ಎಂದು ಕೇಳಿದ್ದರೂ ಅಷ್ಟು ಗಲಿಬಿಲಿಯಾಗುತ್ತಿರಲಿಲ್ಲ. "ಅಲ್ಲಿ ಅಕ್ಕ ನಿಂತಿರ್ತಾಳಲ್ಲಪ್ಪ, ಬಂಡೆ ಮೇಲೆ," ಎಂದರು. "ನಾನು ಇಲ್ಲಿ ಕೂತ್ಕೊಂಡು ಮಾತಾಡೋಕಾಗ್ತದಾ?"

ದೇಶಗಳು ಕೂಡುವ ಪ್ರತಿಯೊಂದು ಕೋಣೆಯಲ್ಲೂ ಇಂಥವರು ಒಬ್ಬಿಬ್ಬರಾದರೂ ಇರುತ್ತಾರೆಂದು ಈಚೆಗೆ ನನಗೆ ಅನ್ನಿಸುತ್ತದೆ. ಸರ್ವರಿಗೂ ಹಿತವಾಗಲೆಂದು ಅವರು ವಾಕ್ಯಕ್ಕೆ ವಾಕ್ಯ ಜೋಡಿಸುತ್ತ ತಲೆ ನರೆಸಿಕೊಳ್ಳುತ್ತಾರೆ. ಒಂದು ದಿನ ಆ ಸರ್ವರಲ್ಲಿ ತಮ್ಮವಳೊಬ್ಬಳು ಸೇರಿಲ್ಲವೆಂದು ಕಾಣುತ್ತದೆ. ಆಗ ಅವರು ಫಲಕವನ್ನು ನಿಲ್ಲಿಸುತ್ತಾರೆ, ನಿಲ್ಲಿಸಿ ಹೆದರುತ್ತಾರೆ. ಸಭೆಗಳು ಇಂಥವರನ್ನು ಪ್ರೀತಿಸುತ್ತವೆ, ನಕ್ಕು ಮುಂದೆ ಸಾಗುತ್ತವೆ. ಯಾವುದು ನ್ಯಾಯವೆಂದು ಕೇಳಿದರೆ ಅವರಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ದೂರದಲ್ಲಿ ನಮಗಾಗಿ ನಿಂತವರೊಡನೆ ಕುಳಿತು ಮಾತನಾಡಬಾರದು ಎಂಬುದೊಂದು ಮಾತ್ರ ಗೊತ್ತಿರುತ್ತದೆ.