ಮನೆಮಂದಿಗೆಲ್ಲ ಚಸ್ಮಾ

ಏಳು ವರ್ಷದ ತಹಸೀನ ಟಿವಿಗೆ ಮೂಗು ಹಚ್ಚಿಯೇ ಕೂರುತ್ತಿದ್ದಳು. ಅದೂ ಅವಳ ಆಟಿಸಂನದೇ ಒಂದು ಚಾಳಿ ಎಂದು ಭಾಗ್ಯನಗರದ ಓಣಿಯ ಪಂಡಿತರೆಲ್ಲ ಪುಕ್ಕಟೆ ತೀರ್ಪು ಕೊಟ್ಟಿದ್ದರು. ಕೊಪ್ಪಳದ ಕಣ್ಣಿನ ಡಾಕ್ಟರಮ್ಮ ಮಾತ್ರ, ಮಾತಾಡದ ಹುಡುಗಿಯಿಂದ ಒಂದಕ್ಷರವನ್ನೂ ಹೇಳಿಸದೆ, ಕಣ್ಣಿಗೆ ಬೆಳಕು ಬಿಟ್ಟು ನೋಡಿ ದಪ್ಪ ಚಸ್ಮಾ ಬರೆದುಕೊಟ್ಟರು.

ಅದು ಮುಖಕ್ಕೆ ತಾಗಿದೊಡನೆ ತಹಸೀನ ಕಿರುಚಿ ಕಿತ್ತೆಸೆಯುತ್ತಿದ್ದಳು. ಮನೆಮಂದಿಯೆಲ್ಲ ಮಾಡುವುದನ್ನು ಮಾತ್ರ ತಾನೂ ಮಾಡುವ ಅವಳ ಹಟ ತಾಯಿ ಶಬೀನಾಗೆ ಗೊತ್ತಿತ್ತು. ಬಜಾರಿನಿಂದ ಗಾಜಿಲ್ಲದ ಫ್ರೇಮುಗಳನ್ನು ತಂದು ಎಲ್ಲರಿಗೂ ಹಾಕಿಸಿದಳು.

"ಹಿಂಗ ನಮಾಜಿಗೆ ಹೋದ್ರ ಮಂದಿ ನಗ್ತಾರವಾ," ಎಂದು ಮಾವ ಮೆಹಬೂಬಸಾಬರು ಗೊಣಗಿದರು.

"ನಿಮ್ಮ ಹಲ್ಲಿನ ಸೆಟ್ ಬಿದ್ದಾಗ ನಕ್ಕಿದ್ದಕ್ಕಿಂತ ಹೆಚ್ಚೇನ ನಗ್ತಾರ್ರಿ ಮಾವಾ?"

ಅತ್ತೆ ಫಾತಿಮಾಬೀ ಫ್ರೇಮಿನ ತೂತಿನೊಳಗೇ ಬೆರಳು ತೂರಿಸಿ ಕಣ್ಣಿಗೆ ಸುರ್ಮಾ ಹಚ್ಚಿಕೊಂಡು, "ಭಾಳ ಛಲೋ ಐತಿ!" ಎಂದಳು.

ವಾರ ಕಳೆದ ಮೇಲೆ, ಒಂದು ಮುಂಜಾನೆ ತಹಸೀನ ತನ್ನ ಚಸ್ಮಾವನ್ನು ತಾನೇ ಏರಿಸಿಕೊಂಡು ಬಂದು ಅಜ್ಜ ಮೆಹಬೂಬಸಾಬರೆದುರು ನಿಂತಳು. ಮೂಗು ತಾಗಿಸದೆ, ದೂರದಿಂದಲೇ ಅವರ ಮದರಂಗಿ ಗಡ್ಡವನ್ನು ದಿಟ್ಟಿಸಿದಳು. ಬಣ್ಣ ಹತ್ತದೆ ಉಳಿದಿದ್ದ ಬಿಳಿ ಕೂದಲೊಂದನ್ನು ಹಿಡಿದು ಚಟಕ್ಕನೆ ಕಿತ್ತಳು.

"ಯಾ ಅಲ್ಲಾ! ಇಕಿಗೆ ಕಾಣಸ್ತೈತಿ, ಎಲ್ಲಾ ಕಾಣಸ್ತೈತಿ!" ಎಂದು ಅಜ್ಜ ಗಡ್ಡ ಹಿಡಿದುಕೊಂಡು ಕೂಗಿದರು.

ತಹಸೀನ ಮುಂದಿನ ಕೂದಲಿಗೆ ಕೈ ಚಾಚಿದಳು. ಮಾವ ಓಡಿಹೋಗದಂತೆ ಶಬೀನಾ ಬಾಗಿಲ ಚಿಲಕ ಹಾಕಿದಳು.