ಉತ್ತರಕ್ಕೆ ತಲೆ

ರಾಮಲಕ್ಷ್ಮಮ್ಮನಿಗೆ ಒಂದು ಚಾಳಿ. ಯಾವುದಕ್ಕಾದರೂ ಕಾರಣ ಗೊತ್ತಾಗಲಿಲ್ಲ ಅಂದರೆ ಉಂಡ ಮುದ್ದೆ ಅರಗುವುದಿಲ್ಲ. ಶಿಡ್ಲಘಟ್ಟದ ಕಡೆಯ ಆ ಊರಿನಲ್ಲಿ ಯಾರ ಮನೆ ರೇಷ್ಮೆಹುಳು ಯಾಕೆ ಗೂಡು ಕಟ್ಟಲಿಲ್ಲ, ಯಾರ ಸೊಸೆ ಯಾಕೆ ತವರಿಗೆ ಹೋದಳು, ಎಲ್ಲವೂ ಅವಳಿಗೆ ತಿಳಿಯಬೇಕು. ಅಂಥವಳ ಕಣ್ಣೆದುರಿಗೇ ಮೂರು ತಿಂಗಳ ಮೊಮ್ಮಗ ಚೈತನ್ಯ ಯಾವಾಗ ನೋಡಿದರೂ ಎಡಕ್ಕೇ ಮುಖ ಮಾಡಿಕೊಂಡು ಮಲಗುತ್ತಿದ್ದ. ಯಾಕೆ ಅಂತ ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಬಾಣಂತನಕ್ಕೆ ಬಂದಿದ್ದ ಮಗಳು ಯಾಮಿನಿ ಆಸ್ಪತ್ರೆಗೆ ತೋರಿಸಿದಾಗ ಡಾಕ್ಟರು ಫಿಸಿಯೋ ಮಾಡಿಸಿ ಎಂದರಂತೆ. ರಾಮಲಕ್ಷ್ಮಮ್ಮನಿಗೆ ನಗು ಬಂತು. ಫಿಸಿಯೋ ಅಂದರೆ ಮಂಡಿ ಹಿಡಿದುಕೊಂಡ ಮುದುಕರಿಗೆ. ಹಾಲು ಕುಡಿಯುವ ಕೂಸಿಗೆ ಎಂಥದ್ದು? ಆದರೂ ನೋಡೇಬಿಡೋಣ ಎಂದು, ಚಿಕ್ಕಬಳ್ಳಾಪುರದಿಂದ ಹರಿಣಿ ಎಂಬ ಫಿಸಿಯೋ ಮೇಡಂ ಬರುವ ಹೊತ್ತಿಗೆ ಒಲೆ ಆರಿಸಿ ಮಗುವಿನ ಚಾಪೆಯ ಪಕ್ಕದಲ್ಲಿ ಕೂತೇಬಿಟ್ಟಳು.

ಹರಿಣಿ ಮಕ್ಕಳನ್ನು ಮಾತ್ರ ನೋಡುವವಳು. ಬಂದವಳು ಬಹಳ ಹೊತ್ತು ಏನೂ ಮಾಡಲಿಲ್ಲ, ಮಗುವನ್ನೇ ನೋಡುತ್ತ ಕೂತಳು. ಆಮೇಲೆ ಅಜ್ಜಿಯ ಬೆರಳು ಹಿಡಿದು ಮಗುವಿನ ಕತ್ತಿನ ಬಲಗಡೆ ಇಡಿಸಿದಳು. ಅಲ್ಲೊಂದು ಕಡೆ ಹುರಿಯ ಹಾಗೆ ಬಿಗಿ. ಅದನ್ನು ಸಡಿಲ ಮಾಡಲು ತಲೆಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸುವುದನ್ನು ಯಾಮಿನಿಗೆ ಹೇಳಿಕೊಟ್ಟು ಹೋದಳು.

ಹುಡುಗ ಬಿಡಬೇಕಲ್ಲ! ಕೈ ಇಟ್ಟರೆ ಸಾಕು, ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದ. ಯಾಮಿನಿ ತಾನೂ ಅತ್ತು, ಕೈ ಚೆಲ್ಲಿದಳು.

ಮುಂದಿನ ವಾರ ಬಂದ ಹರಿಣಿ ಬೈಯಲಿಲ್ಲ. ನಾವು ತಿರುಗಿಸೋದು ಸ್ವಲ್ಪ ಹೊತ್ತು, ಅವನು ದಿನವೆಲ್ಲ ಎಡಕ್ಕೇ ನೋಡಿದರೆ ಕತ್ತು ಹಾಗೇ ಗಟ್ಟಿಯಾಗುತ್ತೆ, ಮುಖವೂ ಒಂದು ಕಡೆಗೆ ಸೊಟ್ಟ ಬೆಳೆಯಬಹುದು. ಅವನಾಗೇ ಬಲಕ್ಕೆ ತಿರುಗಬೇಕು ಎಂದಳು. ರಾಮಲಕ್ಷ್ಮಮ್ಮ ಮಗುವಿನ ಹತ್ತಿರಕ್ಕೆ ಸರಿದು ಕೂತಳು. ನಗು ಯಾವಾಗಲೋ ಹೋಗಿತ್ತು.

“ಇವನನ್ನ ಯಾವಾಗ್ಲೂ ಹೀಗೇ ಮಲಗಿಸ್ತೀರಾ?” ಹರಿಣಿ ಕೇಳಿದಳು.

“ಹೂನಮ್ಮ, ದಕ್ಷಿಣಕ್ಕೇ ತಲೆ.”

“ಎದ್ದು ಆಡೋವಾಗ ಮಾತ್ರ ತಲೆ ಆ ಕಡೆ ಮಾಡಿ ನೋಡಿ.”

ಆ ಕಡೆ ಎಂದರೆ ಉತ್ತರ. ರಾಮಲಕ್ಷ್ಮಮ್ಮ ಎದೆಗೆ ಕೈ ಇಟ್ಟುಕೊಂಡಳು. ಅವಳ ಅತ್ತೆ, ಅತ್ತೆಯ ಅತ್ತೆ, ಯಾರೂ ಉತ್ತರಕ್ಕೆ ತಲೆ ಹಾಕಿದವರಲ್ಲ. ಹಾಕಿದರೆ ಆಯಸ್ಸು ಕಮ್ಮಿ. ಬೇರೆ ಕೋಣೆಗೆ ಒಯ್ಯೋಣವೆಂದರೆ ಅಲ್ಲಿ ಹಿಪ್ಪುನೇರಳೆ ಸೊಪ್ಪು ತುಂಬಿ, ನೆಲವೆಲ್ಲ ತೇವ. ಆಗಲ್ಲಮ್ಮ ಎಂದುಬಿಟ್ಟಳು. ಹರಿಣಿ ವಾದಕ್ಕೆ ಇಳಿಯಲಿಲ್ಲ. ಇವನು ಎಡಕ್ಕೆ ಏನು ನೋಡ್ತಾನೆ ಅಂತ ನೀವೇ ಕಂಡುಹಿಡಿದು ಹೇಳಿ ಎಂದು ಸ್ಕೂಟರ್ ಹತ್ತಿದಳು. ಮುದುಕಿಯ ತಲೆಗೆ ಹುಳ ಬಿಟ್ಟು ಹೋದಳು.

ಮಧ್ಯಾಹ್ನ ತಾಯಿ ಮಗು ಮಂಚದ ಮೇಲೆ ನಿದ್ದೆ ಹೋದಾಗ ರಾಮಲಕ್ಷ್ಮಮ್ಮ ಬಾಗಿಲು ಮುಂದೆ ಮಾಡಿ, ಮಗುವಿನ ಚಾಪೆಯ ಮೇಲೆ ತಾನೇ ಅಂಗಾತ ಮಲಗಿದಳು. ಬಲಕ್ಕೆ ನೋಡಿದಳು. ಸುಣ್ಣ ಬಳಿದ ಗೋಡೆ, ಒಂದು ಕ್ಯಾಲೆಂಡರೂ ಇಲ್ಲ. ಎಡಕ್ಕೆ ರೇಷ್ಮೆಹುಳು ಸಾಕುವ ಹುಳುಮನೆ. ಅದರ ಬಾಗಿಲಿಗೆ ಇಳಿಬಿಟ್ಟ ಬಲೆಯ ಪರದೆ, ಪರದೆಯಲ್ಲಿ ಬೆಳಕು. ಒಳಗೆ ನಾಲ್ಕನೇ ಜ್ವರ ಎದ್ದು ಪೊರೆ ಕಳಚಿದ ಹುಳುಗಳು ಹಸಿದು ಸೊಪ್ಪು ಮೇಯುವ ಚರಚರ ಸದ್ದು. ಸೊಪ್ಪು ಹೊತ್ತು ಓಡಾಡುವ ಗಂಡ ವೆಂಕಟರಾಮಪ್ಪನ ನೆರಳು. ಅದನ್ನೆಲ್ಲ ಕೇಳುತ್ತ, ನೋಡುತ್ತ ಎಷ್ಟು ಹೊತ್ತಾಯಿತೋ, ತನ್ನ ಕತ್ತೇ ಎಡಕ್ಕೆ ವಾಲಿ ನಿಂತಿರುವುದು ಅವಳಿಗೆ ಆಗ ಗೊತ್ತಾಯಿತು.

ಅಯ್ಯೋ ದೇವುಡಾ, ಪಾಪ ನನ್ನ ಕಂದ! ಗೋಡೆ ನೋಡಿಕೊಂಡು ಇರು ಅಂದರೆ ದೊಡ್ಡವರಾದರೂ ಇರುತ್ತಾರೆಯೇ?

ಕಾರಣವೇನೋ ಸಿಕ್ಕಿತು. ಆದರೆ ಹುಳುಮನೆ ಬಲಕ್ಕೆ ಬರಬೇಕೆಂದರೆ ದಾರಿ ಒಂದೇ, ಅದೂ ಉತ್ತರಕ್ಕೆ ತಲೆ. ರಾಮಲಕ್ಷ್ಮಮ್ಮ ಎದ್ದು ಕೂತು ಯೋಚಿಸಿದಳು. ಆಮೇಲೆ ಮನೆದೇವರನ್ನು ನೆನೆದು, ದಿಂಬನ್ನು ಆ ತುದಿಗೆ ಎಸೆದು, ಉತ್ತರಕ್ಕೆ ತಲೆ ಹಾಕಿ ಮಲಗಿಬಿಟ್ಟಳು.

ಪರದೆ ಸರಿಸಿಕೊಂಡು ಬಂದ ವೆಂಕಟರಾಮಪ್ಪ ಬೆಚ್ಚಿ ನಿಂತ. ನಿನಗೇನು ತಲೆ ಕೆಟ್ಟಿದೆಯಾ ಎಂದು ಕೇಳಿದ.

“ಸುಮ್ಕೆ ಹೋಗಿ ಸೊಪ್ಪು ಹಾಕಿ. ಏನಾದ್ರೂ ಆಗೋದಿದ್ರೆ ಮೊದ್ಲು ನನಗಾಗ್ಲಿ. ಸಂಜೆವರ್ಗೂ ನೆಟ್ಟಗಿದ್ರೆ ಮಗೂನ ಹಾಕ್ತೀನಿ.”

ಸಂಜೆಯಾಯಿತು. ಅವಳಿಗೆ ಹಸಿವಾಯಿತೇ ಹೊರತು ಬೇರೇನೂ ಆಗಲಿಲ್ಲ. ಕಾಫಿ ಕುಡಿದು, ನಿದ್ದೆಯಿಂದೆದ್ದು ಕೈಕಾಲು ಆಡಿಸುತ್ತಿದ್ದ ಮಗುವನ್ನು ತಂದು ಉತ್ತರಕ್ಕೆ ತಲೆ ಮಾಡಿ ಮಲಗಿಸಿದಳು. ಯಾಮಿನಿ ಬಾಯಿಗೆ ಸೆರಗು ಹಿಡಿದು ನಿಂತಳು.

ಹುಡುಗ ರೂಢಿಯಂತೆ ಎಡಕ್ಕೇ ನೋಡಿದ. ಅಲ್ಲಿ ಈಗ ಬರೀ ಗೋಡೆ. ತುಟಿ ಸೊಟ್ಟಗೆ ಮಾಡಿದ. ಅಷ್ಟರಲ್ಲಿ ಒಳಗೆ ವೆಂಕಟರಾಮಪ್ಪ ಹೊಸ ಸೊಪ್ಪು ಹಾಕಿದ, ಚರಚರ ಜೋರಾಯಿತು. ಮಗು ಅಳುವುದನ್ನು ಮರೆತು ಕಣ್ಣು ಹೊರಳಿಸಿತು. ಮುಖ ಮೆಲ್ಲಗೆ ನಡುವಿನ ತನಕ ಬಂದು, ಅಲ್ಲೇ ನಿಂತಿತು. ಅಲ್ಲಿಂದಾಚೆಗೆ ಬಿಗಿ ಬಿಡಲೊಲ್ಲದು.

ಯಾರೂ ಕೈ ಹಾಕಲಿಲ್ಲ. ರಾಮಲಕ್ಷ್ಮಮ್ಮ ಮಗುವಿನ ಬಲಗಡೆ ಚಾಪೆಯ ಮೇಲೆ ಮಲಗಿಕೊಂಡಳು, ಮತ್ತೆ ಉತ್ತರಕ್ಕೇ ತಲೆ ಹಾಕಿ.

“ನಾನಿಲ್ಲಿದೀನಿ ಕಣೋ ಅಪ್ಪಾ. ಇಲ್ಲಿ ನೋಡು.”

ಚೈತನ್ಯ ಅಜ್ಜಿಯ ಮುಖ ಹುಡುಕಿಕೊಂಡು ತಾನಾಗೇ ಬಲಕ್ಕೆ ತಿರುಗಿದ.